ಊರೂರಿಗೆ ಹೊರಟ ವಾದ್ಯವೃಂದ

ಕರಾವಳಿಯ ಹಳ್ಳಿಗಳಲ್ಲಿ ಹರಕೆಯ ಬಯಲಾಟವನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಕಷ್ಟಕಾಲದಲ್ಲಿ ದೇವರಿಗೆ ಹೇಳಿಕೊಂಡ ಗೃಹಸ್ಥನೊಬ್ಬ ಮೇಳದವರಿಗೆ ವೀಳ್ಯ ಕೊಟ್ಟು ಆಟ ಆಡಿಸುತ್ತಾನೆ. ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ. ಚೆಂಡೆಯ ಸದ್ದು ನಾಲ್ಕು ದಿಕ್ಕಿಗೆ ಹರಡುತ್ತದೆ. ಊರಿಗೆ ಊರೇ ಬಂದು ಕುಳಿತುಕೊಳ್ಳುತ್ತದೆ. ಅಲ್ಲಿ ಟಿಕೆಟ್ಟಿಲ್ಲ, ಬಾಗಿಲಿಲ್ಲ, ತಡೆಯುವವರಿಲ್ಲ. ಆದರೆ ನೋಡುವವನಿಗೆ ಬಿಟ್ಟಿಯಾದ ಆ ಆಟ ಆಡುವವನಿಗೂ ಬಿಟ್ಟಿಯಲ್ಲ, ಆಡಿಸುವವನಿಗೂ ಬಿಟ್ಟಿಯಲ್ಲ. ಯಾರೋ ಒಬ್ಬರು ಅದರ ವೆಚ್ಚವನ್ನು ಹೊತ್ತಿರುತ್ತಾರೆ. ಯಾರೋ ಹಲವರು ಅದರ ಶ್ರಮವನ್ನು ಹೊತ್ತಿರುತ್ತಾರೆ. ಭೂಮಿಯ ಆಚೆಯ ಮಗ್ಗುಲಿನಲ್ಲಿ, ಅಮೆರಿಕದ ಒಂದು ರಾಜ್ಯದಲ್ಲಿ, ಸಂಗೀತವನ್ನು ಮಕ್ಕಳಿಗೆ ಉಚಿತವಾಗಿ ಕೇಳಿಸಬೇಕೆಂದು ಕೆಲವರು ಹೊರಟಾಗ ಅವರೆದುರಿಗೂ ಇದೇ ಪ್ರಶ್ನೆ ಬಂದು ನಿಂತಿತು: ಹೊರೆ ಹೊರುವವರು ಯಾರು?

ಆ ರಾಜ್ಯದ ಹೆಸರು ನಾರ್ತ್ ಕ್ಯಾರೊಲೈನ. ಅದರ ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ. ಪಶ್ಚಿಮಕ್ಕೆ ಅಪಲೇಚಿಯನ್ ಪರ್ವತಗಳ ಸಾಲು. ನಡುವೆ ತಂಬಾಕು, ಹತ್ತಿಗಳ ಹೊಲಗಳು, ನೂಲಿನ ಗಿರಣಿಗಳ ಊರುಗಳು. ನಮ್ಮಲ್ಲಿ ‘ಬೀದರಿನಿಂದ ಚಾಮರಾಜನಗರದವರೆಗೆ’ ಎನ್ನುವಂತೆ ಅಲ್ಲಿನವರು ‘ಮ್ಯಾಂಟಿಯೊದಿಂದ ಮರ್ಫಿಯವರೆಗೆ’ ಎನ್ನುತ್ತಾರೆ. ಮ್ಯಾಂಟಿಯೊ ಸಮುದ್ರದ ಅಂಚಿನ ದ್ವೀಪದ ಮೇಲಿನ ಊರು, ಮರ್ಫಿ ಬೆಟ್ಟಗಳ ಮಡಿಲಿನ ಊರು. ಇವೆರಡರ ನಡುವೆ 800 ಕಿಲೋಮೀಟರಿಗೂ ಹೆಚ್ಚಿನ ದಾರಿಯಿದೆ. ದೊಡ್ಡ ನಗರವೆಂಬುದು ವಿರಳವಾಗಿದ್ದ ಆ ನಾಡಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೂ ಬಹುಮಂದಿ ಸಿಂಫನಿ ವಾದ್ಯವೃಂದವನ್ನು ಕಣ್ಣಾರೆ ಕಂಡಿರಲಿಲ್ಲ.

ಸಿಂಫನಿ ವಾದ್ಯವೃಂದವೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಸಂಗೀತ ಕಚೇರಿಯಲ್ಲಿ ಪ್ರಧಾನ ಕಲಾವಿದರು ಒಬ್ಬರು. ಪಿಟೀಲು, ಮೃದಂಗಗಳು ಅವರನ್ನು ಅನುಸರಿಸಿ ನಡೆಯುತ್ತವೆ. ಹಾಡುವವರ ಮನೋಧರ್ಮ ಆ ಕ್ಷಣದಲ್ಲಿ ಎತ್ತ ಹರಿದರೆ ಕಚೇರಿ ಅತ್ತ ಸಾಗುತ್ತದೆ. ಪಾಶ್ಚಾತ್ಯ ವಾದ್ಯವೃಂದದ ರೀತಿ ಬೇರೆ. ಅಲ್ಲಿ ಅರವತ್ತು ಎಂಬತ್ತು ಮಂದಿ ಒಟ್ಟಿಗೆ ಕುಳಿತಿರುತ್ತಾರೆ. ಪಿಟೀಲಿನ ಬಳಗದ ತಂತಿವಾದ್ಯಗಳು ಮುಂದೆ, ಕೊಳಲು ಓಬೊ ಮೊದಲಾದ ಸುಷಿರವಾದ್ಯಗಳು ನಡುವೆ, ಹಿತ್ತಾಳೆಯ ಕಹಳೆಗಳೂ ಭೇರಿಗಳೂ ಹಿಂದೆ. ಪ್ರತಿಯೊಬ್ಬರ ಮುಂದೆಯೂ ಅವರವರ ಪಾಲಿನ ಸ್ವರಲಿಪಿಯ ಹಾಳೆ. ಒಬ್ಬನು ನುಡಿಸುವಾಗ ಇನ್ನೊಬ್ಬನು ಎಷ್ಟು ಮಾತ್ರೆಗಳ ಕಾಲ ಸುಮ್ಮನಿರಬೇಕು ಎಂಬುದು ಕೂಡ ಅದರಲ್ಲಿ ಬರೆದಿರುತ್ತದೆ. ಇವರೆಲ್ಲರನ್ನೂ ಒಂದು ಸಣ್ಣ ಕೋಲಿನ ಚಲನೆಯಿಂದ ನಡೆಸುವವನು ನಿರ್ದೇಶಕ. ಅಷ್ಟು ಜನರ ನಡುವೆ ಸದ್ದು ಮಾಡದೆ ಇರುವವನು ಅವನೊಬ್ಬನೇ! ಇಂಥ ತಂಡವನ್ನು ಸಾಕುವುದು ಸುಲಭವಲ್ಲ. ದೊಡ್ಡ ಪಟ್ಟಣಗಳ ಶ್ರೀಮಂತರ ಕೊಡುಗೆಯಿಂದ ಬೆಳೆದ ಕಲೆ ಇದು. ಪಟ್ಟಣದ ಭವ್ಯ ಮಂದಿರಗಳಲ್ಲಿ, ಬೆಲೆ ತೆತ್ತು ಬಂದವರ ಮುಂದೆ ನಡೆಯುತ್ತಿದ್ದುದೇ ಹೆಚ್ಚು.

ನಾರ್ತ್ ಕ್ಯಾರೊಲೈನದಲ್ಲಿ ಈ ಸಾಹಸಕ್ಕೆ ಮೊದಲು ಕೈಹಾಕಿದವನು ಲಮಾರ್ ಸ್ಟ್ರಿಂಗ್‌ಫೀಲ್ಡ್ ಎಂಬ ಕೊಳಲುವಾದಕ. ಅವನು ರಚನಕಾರನೂ ಹೌದು. ಬೆಟ್ಟದ ಸೀಮೆಯ ಜನಪದ ಧಾಟಿಗಳನ್ನು ಬಳಸಿ ರಚಿಸಿದ ಕೃತಿಗೆ 1928ರಲ್ಲಿ ಪುಲಿಟ್ಜರ್ ಗೌರವ ಪಡೆದವನು. 1932ರ ಮೇ 14ರಂದು ಚಾಪೆಲ್ ಹಿಲ್ ಎಂಬ ವಿಶ್ವವಿದ್ಯಾನಿಲಯದ ಊರಿನಲ್ಲಿ ಅವನ ನಿರ್ದೇಶನದಲ್ಲಿ 48 ಮಂದಿ ವಾದಕರು ಮೊದಲ ಕಚೇರಿಯನ್ನು ನಡೆಸಿದರು. ಅದು ಎಂಥ ಕಾಲ! ಅಮೆರಿಕದಲ್ಲಿ ಬ್ಯಾಂಕುಗಳು ಮುಚ್ಚುತ್ತಿದ್ದವು, ಗಿರಣಿಗಳು ನಿಲ್ಲುತ್ತಿದ್ದವು, ಲಕ್ಷಾಂತರ ಮಂದಿ ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದರು. ಹೊಟ್ಟೆಗಿಲ್ಲದ ಹೊತ್ತಿನಲ್ಲಿ ವಾದ್ಯವೃಂದ ಕಟ್ಟಲು ಹೊರಡುವುದು ಹುಚ್ಚಿನಂತೆ ಕಾಣಬಹುದು. ಆದರೆ ವಾದಕರಿಗೂ ಹೊಟ್ಟೆಯಿತ್ತಲ್ಲ! ಕೇಂದ್ರ ಸರ್ಕಾರವು ನಿರುದ್ಯೋಗಿಗಳಿಗೆಂದು ತೆಗೆದಿಟ್ಟ ಪರಿಹಾರನಿಧಿಯಿಂದ ಕೆಲಕಾಲ ಈ ತಂಡಕ್ಕೂ ನೆರವು ದೊರೆಯಿತು. ರಸ್ತೆ ಕಡಿಯುವವನಂತೆ, ಸೇತುವೆ ಕಟ್ಟುವವನಂತೆ ಪಿಟೀಲು ನುಡಿಸುವವನೂ ದುಡಿಮೆಗಾರನೇ ಎಂದು ಒಂದು ಸರ್ಕಾರ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ನಿಧಿ ಬತ್ತಿದಾಗ ತಂಡವೂ ಸೊರಗಿತು. 1930ರ ದಶಕ ಮುಗಿಯುವ ಹೊತ್ತಿಗೆ ವಾದ್ಯವೃಂದ ಹೆಸರಿನಲ್ಲಿ ಮಾತ್ರ ಉಳಿದಂತಿತ್ತು.

ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದವರು ಒಬ್ಬ ಅಧ್ಯಾಪಕ ಮತ್ತು ಅವನ ಹೆಂಡತಿ. ಬೆಂಜಮಿನ್ ಸ್ವಾಲಿನ್ ಹುಟ್ಟಿದ್ದು ಉತ್ತರದ ಮಿನಿಯಾಪೊಲಿಸ್ ನಗರದಲ್ಲಿ. ಪಿಟೀಲು ಕಲಿತು, ಯೂರೋಪಿನ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದು, 1935ರಲ್ಲಿ ಚಾಪೆಲ್ ಹಿಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಲು ಬಂದವರು ಅವರು. ಪತ್ನಿ ಮ್ಯಾಕ್ಸೀನ್ ಐಯೊವಾ ರಾಜ್ಯದ ಒಂದು ಸಣ್ಣ ಊರಿನವರು. ಸಂಗೀತವನ್ನು ಶಾಸ್ತ್ರೀಯವಾಗಿ ಓದಿದವರು. 1939ರಿಂದ ಈ ದಂಪತಿಗಳು ಚದುರಿಹೋಗಿದ್ದ ವಾದಕರನ್ನು ಒಬ್ಬೊಬ್ಬರಾಗಿ ಹುಡುಕಿ ಕೂಡಿಸತೊಡಗಿದರು. ಕೊಡಲು ಸಂಬಳವಿರಲಿಲ್ಲ. ಬಂದವರು ಕಲೆಯ ಮೇಲಿನ ಪ್ರೀತಿಯಿಂದ ಬಂದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಎದುರಾಯಿತು. ತರುಣರು ಸೈನ್ಯಕ್ಕೆ ಹೋದರು. ಪೆಟ್ರೋಲಿಗೂ ಟೈರುಗಳಿಗೂ ಪಡಿತರ ಬಂದಿತು. ಊರಿಂದೂರಿಗೆ ಹೋಗಬೇಕಾದ ವಾದ್ಯವೃಂದಕ್ಕೆ ಟೈರು ಸಿಗದಿದ್ದರೆ ತಂತಿ ಹರಿದಷ್ಟೇ ಕಷ್ಟ!

1943ರಲ್ಲಿ ಆ ರಾಜ್ಯದ ಶಾಸನಸಭೆಯ ಮುಂದೆ ಒಂದು ಮಸೂದೆ ಬಂದಿತು. ವಾದ್ಯವೃಂದವನ್ನು ರಾಜ್ಯದ ಆಶ್ರಯಕ್ಕೆ ತೆಗೆದುಕೊಂಡು ವರ್ಷಕ್ಕೆ 2,000 ಡಾಲರುಗಳ ನೆರವು ನೀಡುವುದು ಅದರ ಉದ್ದೇಶ. ಜನರ ಬಾಯಲ್ಲಿ ಅದಕ್ಕೆ ‘ಕಹಳೆ ಊದುವ ಮಸೂದೆ’ ಎಂಬ ಅಡ್ಡಹೆಸರು ಬಿದ್ದಿತು. ಊದುವವರಿಗೂ ಬಾರಿಸುವವರಿಗೂ ಸರ್ಕಾರದ ಬೊಕ್ಕಸದಿಂದ ಹಣವೇ ಎಂಬ ಪರಿಹಾಸ ಆ ಹೆಸರಿನಲ್ಲಿಯೇ ಕೇಳಿಸುತ್ತದೆ. ಯುದ್ಧಕ್ಕೆ ದೇಶದ ಸರ್ವಸ್ವವೂ ಸುರಿಯುತ್ತಿದ್ದಾಗ ಹೀಗೆ ನಗುವವರು ಇದ್ದುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಮಸೂದೆ ಅಂಗೀಕಾರವಾಯಿತು. ಅಮೆರಿಕದಲ್ಲಿ ವಾದ್ಯವೃಂದವೊಂದಕ್ಕೆ ನಿಯತವಾಗಿ ಹಣ ಒದಗಿಸಲು ಒಪ್ಪಿದ ಮೊದಲ ರಾಜ್ಯವೆಂಬ ಕೀರ್ತಿ ನಾರ್ತ್ ಕ್ಯಾರೊಲೈನಕ್ಕೆ ಬಂದಿತು. ಅಡ್ಡಹೆಸರು ಮಾತ್ರ ಹೋಗಲಿಲ್ಲ. ಗೇಲಿಯಾಗಿ ಹುಟ್ಟಿದ ಆ ಹೆಸರನ್ನು ಇಂದು ಅಲ್ಲಿನವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಎರಡು ಸಾವಿರ ಡಾಲರು ಎಷ್ಟರದು? ಅರವತ್ತೈದು ಮಂದಿ ವಾದಕರ ನಡುವೆ ಹಂಚಿದರೆ ತಲೆಗೆ ವರ್ಷಕ್ಕೆ ಮೂವತ್ತು ಡಾಲರು ಬರುತ್ತದೆ. ಅದರಿಂದ ಸಂಸಾರ ನಡೆಯದು. ಆ ಹಣದ ಬೆಲೆಗಿಂತ ಅದರ ಹಿಂದಿನ ಒಪ್ಪಿಗೆಯ ಬೆಲೆ ದೊಡ್ಡದಾಗಿತ್ತು: ಸಂಗೀತವೂ ಶಾಲೆಯಂತೆ, ಗ್ರಂಥಾಲಯದಂತೆ ಎಲ್ಲರ ಸ್ವತ್ತು, ತೆರಿಗೆ ಕೊಡುವ ರೈತನ ಮಗುವಿಗೂ ಅದರಲ್ಲಿ ಪಾಲಿದೆ. ಸ್ವಾಲಿನ್ ದಂಪತಿಗಳು ಈ ಮಾತನ್ನು ಅಕ್ಷರಶಃ ತೆಗೆದುಕೊಂಡರು. ರಾಜ್ಯವೆಲ್ಲ ಕೊಟ್ಟ ಹಣವಾದ ಮೇಲೆ ರಾಜ್ಯವೆಲ್ಲಕ್ಕೂ ಹೋಗಬೇಕಲ್ಲವೆ? ಯುದ್ಧ ಮುಗಿಯುವ ಹೊತ್ತಿಗೆ ಶಾಲೆಯ ಮಕ್ಕಳಿಗಾಗಿ ಉಚಿತ ಕಚೇರಿಗಳು ಮೊದಲಾದವು. ಯುದ್ಧ ಮುಗಿದ ಮೇಲೆ ಸಂಚಾರ ನಿಜವಾಗಿ ಆರಂಭವಾಯಿತು.

ಉಳಿದ ಹಣಕ್ಕೆ ಅವರು ಹೂಡಿದ ಉಪಾಯ ಸರಳವಾದದ್ದು. ಒಂದೊಂದು ಊರಿನಲ್ಲಿಯೂ ಆಸಕ್ತರ ಸಮಿತಿ ಏರ್ಪಟ್ಟಿತು. ಶಾಲೆಯ ಉಪಾಧ್ಯಾಯರು, ವ್ಯಾಪಾರಿಗಳು, ಗೃಹಿಣಿಯರು ಮನೆಮನೆಗೆ ಹೋಗಿ ವಾದ್ಯವೃಂದದ ಸದಸ್ಯತ್ವವನ್ನು ಮಾರಿದರು. ಊರಿನಿಂದ ಗೊತ್ತಾದ ಮೊತ್ತ ಕೂಡಿದರೆ ತಂಡವು ಅಲ್ಲಿಗೆ ಬರುತ್ತಿತ್ತು. ರಾತ್ರಿ ಸದಸ್ಯರಿಗಾಗಿ ಕಚೇರಿ. ಅದೇ ದಿನ ಹಗಲಿನಲ್ಲಿ ಮಕ್ಕಳಿಗೆ ಉಚಿತವಾಗಿ ಇನ್ನೊಂದು ಕಚೇರಿ. ಹಿರಿಯರು ರಾತ್ರಿಯ ಕಚೇರಿಗೆ ಕೊಟ್ಟ ಹಣವೇ ಹಗಲಿನ ಕಚೇರಿಯನ್ನೂ ನಡೆಸುತ್ತಿತ್ತು. ಹರಕೆ ಹೊತ್ತ ಗೃಹಸ್ಥನ ಜಾಗದಲ್ಲಿ ಇಲ್ಲಿ ಒಂದು ಊರೇ ನಿಂತಿತ್ತು.

ಪೂರ್ಣ ತಂಡ ಹೋಗಲಾಗದಷ್ಟು ಸಣ್ಣ ಊರುಗಳಿಗೆ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ವಾದಕರ ‘ಕಿರಿಯ ಸಿಂಫನಿ’ಯನ್ನು ಕಳುಹಿಸುತ್ತಿದ್ದರು. ಬಸ್ಸುಗಳಲ್ಲಿ ಪ್ರಯಾಣ, ಒಂದೊಂದು ರಾತ್ರಿ ಒಂದೊಂದು ಊರು. ಹೀಗೆ ಗಂಟುಮೂಟೆ ಕಟ್ಟಿಕೊಂಡು ತಿರುಗುತ್ತಿದ್ದುದರಿಂದ ಜನ ಇದನ್ನು ‘ಸೂಟ್‌ಕೇಸ್ ಸಿಂಫನಿ’ ಎಂದರು. ನಿವೃತ್ತರಾದ ಹಲವು ವರ್ಷಗಳ ಮೇಲೆ, 1987ರಲ್ಲಿ, ಬೆಂಜಮಿನ್ ಸ್ವಾಲಿನ್ ಈ ವಾದ್ಯವೃಂದದ ಕಥೆಯನ್ನು ಪುಸ್ತಕವಾಗಿ ಬರೆದಾಗ ಅದಕ್ಕೆ ಸರ್ಕಸ್ಸಿನವರ ಕಠಿಣ ದಾರಿ ಎಂಬರ್ಥ ಬರುವ ಹೆಸರನ್ನಿಟ್ಟರು. ಡೇರೆ ಹೊತ್ತು ತಿರುಗುವ ಸರ್ಕಸ್ಸಿನವರಿಗೂ ವಿಯೆನ್ನಾದಲ್ಲಿ ಓದಿಬಂದ ಪಂಡಿತನಿಗೂ ಹೋಲಿಕೆಯೆಲ್ಲಿ ಎಂದು ಕೇಳುವವರು ಇದ್ದಾರು. ಆ ಹೆಸರನ್ನು ಆರಿಸಿಕೊಂಡವನು ಪಂಡಿತನೇ ಎಂಬುದನ್ನು ಮರೆಯಬಾರದು.

ಬಸ್ಸಿನ ಪ್ರಯಾಣವೆಂದರೆ ಮನುಷ್ಯರು ಕುಳಿತು ಹೋಗುವುದಷ್ಟೇ ಅಲ್ಲ. ಆಳೆತ್ತರವನ್ನು ಮೀರಿದ ಡಬಲ್ ಬಾಸ್ ಪಿಟೀಲುಗಳು, ದೊಡ್ಡ ಕೊಪ್ಪರಿಗೆಗಳಂತಹ ಭೇರಿಗಳು, ನೂರಾರು ಸ್ವರಲಿಪಿಯ ಕಟ್ಟುಗಳು, ಅವನ್ನಿಡುವ ಕಬ್ಬಿಣದ ಪೀಠಗಳು, ಎಲ್ಲವೂ ಏರಬೇಕು, ಇಳಿಯಬೇಕು. ವಾದ್ಯಗಳೋ ಎಳೆಗೂಸುಗಳಂತೆ ಸೂಕ್ಷ್ಮ. ಕಡಲ ತೀರದ ತೇವಕ್ಕೆ ಮರ ಉಬ್ಬುತ್ತದೆ. ಬೆಟ್ಟದ ಚಳಿಯ ಒಣಹವೆಗೆ ಸಂಕುಚಿಸಿ ಬಿರುಕು ಬಿಡುತ್ತದೆ. ಸೆಖೆ ಹೆಚ್ಚಿದಾಗ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಅದೇ ಸೆಖೆಯಲ್ಲಿ ಹಿತ್ತಾಳೆಯ ಕಹಳೆಯ ಶ್ರುತಿ ಏರುತ್ತದೆ. ಒಂದು ಇಳಿಯುವುದು, ಇನ್ನೊಂದು ಏರುವುದು, ಎರಡನ್ನೂ ಕೂಡಿಸಿ ಸರಿಮಾಡಿಕೊಂಡು ಹತ್ತು ಗಂಟೆಗೆ ಮಕ್ಕಳ ಮುಂದೆ ಕುಳಿತಿರಬೇಕು. ಮಂದಿರವೋ, ಬಹುಮಟ್ಟಿಗೆ ಶಾಲೆಯ ವ್ಯಾಯಾಮಶಾಲೆ. ಬ್ಯಾಸ್ಕೆಟ್‌ಬಾಲ್ ಆಡುವ ಆ ಅಂಕಣದಲ್ಲಿ ಚೆಂಡಿನ ಸದ್ದು ಪ್ರತಿಧ್ವನಿಸುವಂತೆ ಸ್ವರವೂ ಗೋಡೆಯಿಂದ ಗೋಡೆಗೆ ಬಡಿದು ಹಿಂದಿರುಗುತ್ತದೆ. ಒಳ್ಳೆಯ ಕಿವಿಯಿರುವ ವಾದಕನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಾಗಿಲ್ಲ.

ಹಾಗಿದ್ದೂ ಆ ವ್ಯಾಯಾಮಶಾಲೆಗಳಲ್ಲಿ ನಡೆದುದನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಸುತ್ತಲ ಹಳ್ಳಿಗಳಿಂದ ಶಾಲೆಯ ಬಸ್ಸುಗಳಲ್ಲಿ ಬಂದ ಮಕ್ಕಳು ಹಂತಹಂತದ ಬೆಂಚುಗಳ ಮೇಲೆ ಒತ್ತೊತ್ತಾಗಿ ಕುಳಿತಿರುತ್ತಿದ್ದರು. ಮೊದಲು ಓಬೊ ವಾದ್ಯದಿಂದ ಒಂದೇ ಒಂದು ಸ್ವರ ಹೊರಡುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು ಇಡೀ ವೃಂದ ಶ್ರುತಿ ಕೂಡಿಸಿಕೊಳ್ಳುತ್ತದೆ. ಬಳಿಕ ಮ್ಯಾಕ್ಸೀನ್ ಸ್ವಾಲಿನ್ ಮಕ್ಕಳ ಮುಂದೆ ನಿಂತು ಮಾತನಾಡುತ್ತಿದ್ದರು. ಇದು ಯಾವ ವಾದ್ಯ, ಇದರ ದನಿ ಎಂಥದು, ಈಗ ನೀವು ಕೇಳಲಿರುವುದರಲ್ಲಿ ಯಾವ ಕಥೆಯಿದೆ ಎಂದು ತಿಳಿಯಹೇಳುತ್ತಿದ್ದರು. ಮಾತು ಮುಗಿಸಿ ಹೋಗಿ ತಾವೂ ವೃಂದದ ನಡುವೆ ಕೀಲಿಮಣೆಯ ವಾದ್ಯದ ಮುಂದೆ ಕುಳಿತುಕೊಳ್ಳುತ್ತಿದ್ದರು. ಕಾರ್ಯಕ್ರಮದ ನಡುವೆ ಮಕ್ಕಳೂ ಹಾಡಬೇಕಾಗಿತ್ತು. ತರಗತಿಯಲ್ಲಿ ಕಲಿತುಬಂದ ಹಾಡನ್ನು ನೂರಾರು ಮಕ್ಕಳು ಒಂದೇ ಕೊರಳಾಗಿ ಎತ್ತಿದಾಗ ಅರವತ್ತು ವಾದ್ಯಗಳು ಅವರಿಗೆ ಪಕ್ಕವಾದ್ಯಗಳಾಗುತ್ತಿದ್ದವು. ದೊಡ್ಡವರ ಕಚೇರಿಯಲ್ಲಿ ಈ ಭಾಗ್ಯ ಯಾರಿಗಿದೆ?

ತರಗತಿಯಲ್ಲಿ ಕಲಿತು ಬರುವುದೆಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಚಾಪೆಲ್ ಹಿಲ್ಲಿನ ಸಂಗೀತದ ಅಧ್ಯಾಪಕಿ ಆಡಲೈನ್ ಮೆಕಾಲ್ ಎಂಬಾಕೆ ಈ ಕಚೇರಿಗಳಿಗೆಂದೇ ‘ಸಿಂಫನಿ ಕಥೆಗಳು’ ಎಂಬ ಪುಸ್ತಿಕೆಗಳನ್ನು ಬರೆದುಕೊಟ್ಟರು. ರಚನಕಾರರ ಬಾಳಿನ ಸಂಗತಿಗಳು, ಕೃತಿಗಳ ಹಿಂದಿನ ಕಥೆಗಳು, ಮುಖ್ಯವಾದ ಧಾಟಿಗಳು, ಇವೆಲ್ಲ ಮಕ್ಕಳಿಗೆ ಮುಂಚಿತವಾಗಿಯೇ ತಲುಪುತ್ತಿದ್ದವು. ಬಸ್ಸು ಬರುವ ದಿನಕ್ಕಿಂತ ಮೊದಲೇ ಮಕ್ಕಳ ಕಿವಿ ಸಿದ್ಧವಾಗಿರುತ್ತಿತ್ತು. ಉಚಿತವಾಗಿ ಕೊಟ್ಟದ್ದನ್ನು ಜನ ಗೌರವಿಸುವುದಿಲ್ಲವೆಂದು ಲೋಕ ಹೇಳುತ್ತದೆ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಗೌರವ ಹುಟ್ಟುವುದು ಟಿಕೆಟ್ಟಿನಿಂದಲೇ ಎಂದೇನೂ ಇಲ್ಲ. ಹೆಸರು ತಿಳಿದ ವಾದ್ಯವೊಂದು ತಾನು ಕಾಯುತ್ತಿದ್ದ ಧಾಟಿಯನ್ನು ನುಡಿಸಿದಾಗ ಹುಡುಗನೊಬ್ಬನು ಪಕ್ಕದವನ ಮೊಣಕೈಯನ್ನು ತಿವಿಯುತ್ತಾನಲ್ಲ, ಅದೂ ಗೌರವವೇ. ಇಂಥ ಮಕ್ಕಳಿಗೆಂದೇ ರಷ್ಯದ ಪ್ರೊಕೊಫಿಯೆವ್ 1936ರಲ್ಲಿ ‘ಪೀಟರ್ ಮತ್ತು ತೋಳ’ವನ್ನು ರಚಿಸಿದ್ದನು. ಅದರಲ್ಲಿ ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೊ, ಬೆಕ್ಕಿಗೆ ಕ್ಲಾರಿನೆಟ್, ಗೊಣಗುವ ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಕೊಂಬುಗಳು. ಕಥೆ ಮುಗಿಯುವಷ್ಟರಲ್ಲಿ ಮಗು ತನಗೆ ತಿಳಿಯದಂತೆಯೇ ಅರ್ಧ ವಾದ್ಯವೃಂದವನ್ನು ಕಲಿತುಬಿಟ್ಟಿರುತ್ತದೆ.

ಇನ್ನೊಂದು ಆಕ್ಷೇಪವಿದೆ, ಅದು ಹೆಚ್ಚು ತೂಕದ್ದು. ಬೆಟ್ಟದ ಮಕ್ಕಳಿಗೆ ತಮ್ಮದೇ ಆದ ಸಂಗೀತವಿರಲಿಲ್ಲವೆ? ಜಗಲಿಯ ಮೇಲೆ ಕುಳಿತು ಅಜ್ಜ ನುಡಿಸುತ್ತಿದ್ದ ಫಿಡಲು, ಬ್ಯಾಂಜೊಗಳಿರುವಾಗ ಯೂರೋಪಿನ ಸಂಗೀತವನ್ನು ಹೊತ್ತು ತಂದು ಇದೇ ಶ್ರೇಷ್ಠವೆಂದು ಹೇಳುವುದು ನ್ಯಾಯವೆ? ಪ್ರಶ್ನೆ ಸರಿಯಾದದ್ದೇ. ಆದರೆ ಈ ವಾದ್ಯವೃಂದವನ್ನು ಸ್ಥಾಪಿಸಿದವನು ಆ ಜಗಲಿಯ ಧಾಟಿಗಳನ್ನೇ ವೃಂದದೊಳಕ್ಕೆ ತಂದವನು. ಅಷ್ಟೇ ಅಲ್ಲ, ಅಜ್ಜನ ಫಿಡಲಿಗೂ ವೃಂದದ ಮುಂದಿನ ಸಾಲಿನ ವಯೊಲಿನ್ನಿಗೂ ವಾದ್ಯದಲ್ಲಿ ಭೇದವಿಲ್ಲ. ಭೇದವಿರುವುದು ನುಡಿಸುವ ಬಗೆಯಲ್ಲಿ. ಆ ‘ಫಿಡಲು’ ಶಬ್ದವೇ ಕಡಲು ದಾಟಿ ಬಂದು ಕನ್ನಡದಲ್ಲಿ ‘ಪಿಟೀಲು’ ಆಯಿತು; ವಾದ್ಯವೂ ನಮ್ಮ ರಾಗಗಳನ್ನು ಕಲಿತು ನಮ್ಮದೇ ಆಯಿತು. ಮೈಸೂರಿನ ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ಪರದೇಶದ್ದೆಂದು ಹೇಳಲು ಯಾರಿಗೆ ಬಾಯಿ ಬಂದೀತು? ಹೊರಗಿನಿಂದ ಬಂದದ್ದು ಬೇರೂರುವುದೂ ಬೇರೂರದಿರುವುದೂ ಕೇಳುವವನ ಕಿವಿಗೆ ಸೇರಿದ ಮಾತು. ಆ ಕಿವಿಗೆ ಒಮ್ಮೆಯಾದರೂ ಅದು ಬೀಳಬೇಕಷ್ಟೆ.

ಒಂದು ಕಹಿ ಸಂಗತಿಯನ್ನು ಮುಚ್ಚಿಡುವಂತಿಲ್ಲ. ಈ ಸಂಚಾರ ಆರಂಭವಾದ ಕಾಲಕ್ಕೆ ನಾರ್ತ್ ಕ್ಯಾರೊಲೈನದಲ್ಲಿ ಬಿಳಿಯ ಮಕ್ಕಳ ಶಾಲೆ ಬೇರೆ, ಕರಿಯ ಮಕ್ಕಳ ಶಾಲೆ ಬೇರೆ. ಹಾಗೆ ಬೇರೆಯಾಗಿರಬೇಕೆಂದು ಕಾನೂನೇ ವಿಧಿಸಿತ್ತು. ಆ ಭೇದ ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1954ರಲ್ಲಿ. ತೀರ್ಪು ಆಚರಣೆಗೆ ಬರಲು ಇನ್ನೂ ಎಷ್ಟೋ ವರ್ಷಗಳು ಹಿಡಿದವು. 1960ರಲ್ಲಿ ಇದೇ ರಾಜ್ಯದ ಗ್ರೀನ್ಸ್‌ಬರೊ ಪಟ್ಟಣದ ಅಂಗಡಿಯೊಂದರಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು, ಬಿಳಿಯರಿಗೆ ಮಾತ್ರವೆಂದಿದ್ದ ಊಟದ ಕಟ್ಟೆಯಲ್ಲಿ ಕುಳಿತು, ಏಳಲು ನಿರಾಕರಿಸಿದರು. ದೇಶವೆಲ್ಲ ಅವರತ್ತ ತಿರುಗಿ ನೋಡಿತು. ಬೆಲೆಯಿಲ್ಲದೆ ಕೊಡುವುದೂ ಭೇದವಿಲ್ಲದೆ ಕೊಡುವುದೂ ಒಂದೇ ಅಲ್ಲ. ಮೊದಲನೆಯದಕ್ಕೆ ಒಂದು ಮಸೂದೆ ಸಾಕಾಯಿತು. ಎರಡನೆಯದಕ್ಕೆ ಬೀದಿಯಲ್ಲಿ ಹೋರಾಡಬೇಕಾಯಿತು.

ಬೆಂಜಮಿನ್ ಸ್ವಾಲಿನ್ ಮೂವತ್ತಕ್ಕೂ ಹೆಚ್ಚು ವರ್ಷ ಕೋಲು ಹಿಡಿದು ನಿಂತು, 1972ರಲ್ಲಿ ಅದನ್ನು ಕೆಳಗಿಟ್ಟರು, 1989ರಲ್ಲಿ ತೀರಿಕೊಂಡರು. ವಾದ್ಯವೃಂದದ ನೆಲೆ ಚಾಪೆಲ್ ಹಿಲ್ಲಿನಿಂದ ರಾಜಧಾನಿಯಾದ ರಾಲಿಗೆ ಬಂದಿತು. 2001ರಲ್ಲಿ ಅಲ್ಲಿ ಅದಕ್ಕೆಂದು ಸುಂದರವಾದ ಸಂಗೀತ ಮಂದಿರ ತೆರೆಯಿತು. ವ್ಯಾಯಾಮಶಾಲೆಯ ಪ್ರತಿಧ್ವನಿಯನ್ನು ಸಹಿಸಿದ ಹಳಬರಿಗೆ ಅಲ್ಲಿನ ನಾದ ಎಷ್ಟು ಹಿತವಾಗಿತ್ತೋ! ಮಂದಿರದ ಹೊರಪಡಸಾಲೆಗೆ ಸ್ವಾಲಿನ್ ಅವರ ಹೆಸರನ್ನಿಟ್ಟರು. ಆದರೆ ಮಂದಿರ ಬಂದಿತೆಂದು ವಾದ್ಯವೃಂದ ಅದರೊಳಗೇ ಕುಳಿತುಬಿಡಲಿಲ್ಲ. ಸಂಚಾರ ನಿಲ್ಲಲಿಲ್ಲ, ಶಾಲೆಯ ಮಕ್ಕಳ ಉಚಿತ ಕಚೇರಿಗಳೂ ನಿಲ್ಲಲಿಲ್ಲ. ವರ್ಷವರ್ಷವೂ ಹತ್ತಾರು ಸಾವಿರ ಮಕ್ಕಳು, ಹೆಚ್ಚಾಗಿ ನಾಲ್ಕನೆಯ ಐದನೆಯ ತರಗತಿಯವರು, ಮೊದಲೇ ಪಾಠ ಓದಿಕೊಂಡು ಬಂದು ಕೇಳುತ್ತಾರೆ.

ಮ್ಯಾಕ್ಸೀನ್ ಗಂಡನ ತರುವಾಯ ಇನ್ನೂ ಇಪ್ಪತ್ತು ವರ್ಷ ಬದುಕಿದ್ದರು. 2009ರಲ್ಲಿ ಕಣ್ಮುಚ್ಚಿದಾಗ ಅವರಿಗೆ 106 ವರ್ಷ. ಅವರ ಮಾತು ಕೇಳಿ ಓಬೊವನ್ನೂ ಬಸೂನನ್ನೂ ಗುರುತಿಸಲು ಕಲಿತಿದ್ದ ಬೆಂಚುಗಳ ಮೇಲಿನ ಮಕ್ಕಳಿಗೆ ಅಷ್ಟು ಹೊತ್ತಿಗೆ ತಲೆ ನರೆತು, ಅವರ ಮೊಮ್ಮಕ್ಕಳು ಕಚೇರಿಗೆ ಹೋಗುವ ಬಸ್ಸನ್ನು ಹತ್ತುತ್ತಿದ್ದರು.